ಮಧ್ಯಾಹ್ನದ ಸೊನ್ನೆ

ನನ್ನ ಕೆಲಸ ಏನೆಂದು ಬಿಡಿಸಿ ಕೇಳಿದವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಪಕ್ಕ ಕೂತವರು. ಸಾಗರದಲ್ಲಿ ಬೆಳಿಗ್ಗೆ ಹೊಸನಗರದ ಬಸ್ಸು ಹತ್ತಿದರೆ ನನ್ನ ತೊಡೆಯ ಮೇಲೊಂದು ದಪ್ಪ ಚೀಲ ಇರುತ್ತಿತ್ತು. ಅದರೊಳಗೆ ಮೀಟರು, ಸ್ಕ್ರೂಡ್ರೈವರುಗಳು, ತಂತಿಯ ಸುರುಳಿ, ಹಳೆಯ ಲ್ಯಾಪ್‌ಟಾಪು, ಎಲ್ಲದರ ಮೇಲೆ ಊಟದ ಡಬ್ಬಿ. ಹೆಂಗಸಿನ ಚೀಲದಿಂದ ಟೆಸ್ಟರ್ ಇಣುಕುತ್ತಿದ್ದರೆ ನಮ್ಮ ಕಡೆಯವರು ಸುಮ್ಮನೆ ಕೂರುವುದುಂಟೇ? ಕರೆಂಟಿನವರಾ ಎಂದು ಶುರುವಾಗುತ್ತಿತ್ತು. ಅಲ್ಲವೆಂದರೆ ಫೋನಿನವರಾ ಎನ್ನುತ್ತಿದ್ದರು. ಅದೂ ಅಲ್ಲವೆಂದರೆ ಮುಗಿಯಿತು, ನಾನು ಇಳಿಯುವ ಜಾಗ ಬರುವವರೆಗೂ ಅದೇ ವಿಚಾರಣೆ.

ಗೇಟ್‌ವೇ ಕೂರಿಸುತ್ತೇನೆ ಎಂದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕೊನೆಗೆ ನಾನೇ ಒಂದು ಉತ್ತರ ಕಂಡುಕೊಂಡೆ. ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೂ ಹೆಣ್ಣಿನ ಕಡೆಯವರಿಗೂ ನಡುವೆ ಓಡಾಡುವವರು ಒಬ್ಬರು ಇರುತ್ತಾರಲ್ಲ, ಇವರು ಹೇಳಿದ್ದನ್ನು ಅವರಿಗೆ ಅರ್ಥವಾಗುವ ಹಾಗೆ, ಅವರು ಹೇಳಿದ್ದನ್ನು ಇವರಿಗೆ ಅರ್ಥವಾಗುವ ಹಾಗೆ ದಾಟಿಸುವವರು, ಯಂತ್ರಗಳ ನಡುವೆ ಅಂಥದೊಂದು ಪೆಟ್ಟಿಗೆ ಇಡುವುದು ನನ್ನ ಕೆಲಸ ಎನ್ನುತ್ತಿದ್ದೆ. ಇದು ಬೇಗ ತಲೆಗೆ ಹೋಗುತ್ತಿತ್ತು. ಒಂದು ಕಡೆ ಪಂಪು, ನೀರಿನ ಮೀಟರು, ಒತ್ತಡದ ಮೀಟರು ಇಂಥವು ಒಂದೇ ಜೋಡಿ ತಂತಿಗೆ ಸಾಲಾಗಿ ಸೇರಿಕೊಂಡಿರುತ್ತವೆ. ಅವುಗಳದು ಹಳೆಯ ಮಾತು. ಕೇಳಿದರೆ ಮಾತ್ರ ಉತ್ತರ, ತಾವಾಗಿ ಬಾಯಿ ಬಿಡುವುದಿಲ್ಲ. ಇನ್ನೊಂದು ಕಡೆ ಕಚೇರಿಯ ಕಂಪ್ಯೂಟರುಗಳ ಜಾಲ, ಅದರದು ಬೇರೆಯೇ ಮಾತು. ನಡುವೆ ಅಂಗೈ ಅಗಲದ ಈ ಪೆಟ್ಟಿಗೆ. ಅದಕ್ಕೆ ಈ ಕಡೆ ಯಾರನ್ನು ಏನು ಕೇಳಬೇಕು, ಬಂದ ಉತ್ತರವನ್ನು ಆ ಕಡೆ ಎಲ್ಲಿ ಇಡಬೇಕು ಎಂದು ಒಂದೊಂದಾಗಿ ಹೇಳಿಕೊಡಬೇಕು. ಕೂರಿಸುವುದಕ್ಕೆ ಅರ್ಧ ಗಂಟೆ ಸಾಕು, ಹೇಳಿಕೊಡುವುದರಲ್ಲಿ ಜೀವಮಾನ ಕಳೆಯಿತು.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಆಗಾಗ ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಅವರು ಕೇಳುವುದೆಲ್ಲ ಪೆಟ್ಟಿಗೆಯ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನನ್ನು ಈ ಕೆಲಸಕ್ಕೆ ತೆಗೆದುಕೊಂಡವರು ಗಣಪತಿ ರಾಯರು. ಸಾಗರದಲ್ಲಿ ಪಂಪು ಮೋಟರುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುವ ಸಣ್ಣ ಸಂಸ್ಥೆ ಅವರದು. ಐಟಿಐ ಮುಗಿಸಿದ ಹುಡುಗಿಯನ್ನು ಪ್ಯಾನೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದು ಆಗ ನಮ್ಮೂರಲ್ಲಿ ಮಾತಿಗೆ ಬರುವಂಥ ಸಂಗತಿ. ಕಂಬ ಹತ್ತಿಸ್ತೀರಾ ಎಂದು ಯಾರೋ ಕೇಳಿದ್ದಕ್ಕೆ ರಾಯರು, ಕಂಬ ಹತ್ತುವವರು ಬೇಕಾದಷ್ಟಿದ್ದಾರೆ, ಪುಸ್ತಕ ಓದಿ ತಂತಿ ಕಟ್ಟುವವರು ಬೇಕು ಎಂದಿದ್ದರಂತೆ. ಬೈಯುವುದರಲ್ಲಿ ಅವರು ಎತ್ತಿದ ಕೈ. ಬೆಳಿಗ್ಗೆ ಬೈದದ್ದು ಮಧ್ಯಾಹ್ನದ ಊಟಕ್ಕೆ ಮರೆತುಹೋಗುತ್ತಿತ್ತು, ತಮ್ಮ ಡಬ್ಬಿಯ ತಂಬುಳಿಯಲ್ಲಿ ಅರ್ಧ ನನ್ನ ಮುಚ್ಚಳಕ್ಕೆ ಸುರಿಯುತ್ತಿದ್ದರು. ಅವರ ಋಣ ನನ್ನ ಮೇಲೆ ದೊಡ್ಡದು. ಅವರಿರುವಾಗಲೇ ಅದನ್ನು ಹೇಳಿದ್ದೆ, ಅದಕ್ಕೂ ಬೈಸಿಕೊಂಡಿದ್ದೆ.

ರಾಯರದೊಂದು ಪದ್ಧತಿ ಇತ್ತು. ಎಲ್ಲಿಗೆ ಹೋದರೂ ಮೊದಲು ಯಂತ್ರ ಮುಟ್ಟುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡು, ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲಿ ಎಂತೆಂತ ನಡೆಯುತ್ತದೆ ಹೇಳಿ ಎಂದು ಕೇಳುತ್ತಿದ್ದರು. ಅವರು ಬಾಗಿಲು ತೆಗೆದು ಕಸ ಗುಡಿಸುವಲ್ಲಿಂದ ಶುರುಮಾಡುತ್ತಿದ್ದರು. ನನಗೆ ಕೈ ಕಡಿತ, ಯಾವಾಗ ಬಾಕ್ಸ್ ಬಿಚ್ಚುತ್ತೇವೋ ಎಂದು. ರಾಯರು ಮಾತ್ರ ಕಸ ಗುಡಿಸಿದ್ದನ್ನೂ ತಲೆಯಾಡಿಸುತ್ತ ಕೇಳುತ್ತಿದ್ದರು.

ಕೋಣಂದೂರಿನಲ್ಲಿ ಈ ಪದ್ಧತಿಯ ಬೆಲೆ ಒಮ್ಮೆ ತಿಳಿಯಿತು. ಅಲ್ಲೊಂದು ಖಾಸಗಿ ಹಾಲಿನ ಕೇಂದ್ರ. ಹಾಲು ತಂಪು ಮಾಡುವ ಎರಡು ದೊಡ್ಡ ತೊಟ್ಟಿಗಳು, ಒಂದೊಂದಕ್ಕೂ ಒಂದು ತಾಪಮಾನದ ಮೀಟರು. ಮಾಲೀಕರು ತೀರ್ಥಹಳ್ಳಿಯ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಎರಡನ್ನೂ ನೋಡಬೇಕು ಎಂದಿದ್ದರು. ನಾವು ಪೆಟ್ಟಿಗೆ ಕೂರಿಸಿ ಬಂದೆವು. ಮಾರನೆಯ ದಿನ ಅವರ ಫೋನು, ನಿಮ್ಮ ಪ್ರಕಾರ ನನ್ನ ಹಾಲು ಉಕ್ಕಿ ಹೋಗಬೇಕಿತ್ತು ಎಂದು. ಪರದೆಯ ಮೇಲೆ ಒಂದು ಕ್ಷಣ ಮಂಜುಗಡ್ಡೆ, ಇನ್ನೊಂದು ಕ್ಷಣ ಕುದಿಯುವ ಲೆಕ್ಕ. ನಾನು ತಂತಿ ಸರಿಯಿಲ್ಲ ಎಂದು ಹೊಸ ತಂತಿ ಎಳೆಸಿದೆ. ಆಗಲೂ ಹಾಲು ಕುದಿಯುವುದು ನಿಲ್ಲಲಿಲ್ಲ. ರಾಯರು ಬಂದು ಕೆಲಸದವನನ್ನು ಕೂರಿಸಿ ದಿನಚರಿ ಕೇಳಿದರು. ಬೆಳಿಗ್ಗೆ ಒಂದೇ ತೊಟ್ಟಿ ಚಾಲೂ ಮಾಡೋದು, ಸಂಜೆ ಹಾಲು ಜಾಸ್ತಿ ಬಂದಾಗ ಇನ್ನೊಂದು ಎಂದ. ಬೆಳಿಗ್ಗೆ ಲೆಕ್ಕ ಸರಿ ಇರ್ತದಾ ಎಂದರು ರಾಯರು. ಹೌದು, ಬೆಳಿಗ್ಗೆ ಸರಿ ಇರ್ತದೆ ಎಂದ. ಆಗ ನನಗೂ ಹೊಳೆಯಿತು. ಕಾರ್ಖಾನೆಯಿಂದ ಬರುವಾಗ ಎಲ್ಲ ಮೀಟರುಗಳ ವಿಳಾಸವೂ ಒಂದನೇ ನಂಬರೇ ಆಗಿರುತ್ತದೆ, ನಾವು ಬದಲಾಯಿಸಬೇಕು. ಇಲ್ಲಿ ಪೆಟ್ಟಿಗೆ ಒಂದನೇ ನಂಬರನ್ನು ಕರೆದರೆ ಎರಡೂ ಮೀಟರುಗಳು ಒಟ್ಟಿಗೆ ಓ ಎನ್ನುತ್ತಿದ್ದವು. ಎರಡನೆಯದಕ್ಕೆ ಎರಡನೇ ನಂಬರು ಕೊಟ್ಟ ಕೂಡಲೇ ಹಾಲು ತಣ್ಣಗಾಯಿತು. ಆ ಮಾಲೀಕರು ನಮಗೆ ಬೈಯುವ ಬದಲು ಮೊಸರನ್ನ ಹಾಕಿಸಿ ಕಳಿಸಿದ್ದು ಅವರ ದೊಡ್ಡತನ.

ಇಷ್ಟು ಹೇಳಿದ್ದು ಮುಖ್ಯ ಸಂಗತಿಗೆ ಬರಲಿಕ್ಕೆ. ರಾಯರ ಈ ಪದ್ಧತಿಯೂ ಸೋತ ಒಂದು ಕಡೆ ಇದೆ. ಅದು ಹೊಸನಗರ ತಾಲೂಕಿನ ಒಂದು ಪಂಪ್‌ಹೌಸ್.

ಹೊಳೆಯಿಂದ ನೀರೆತ್ತಿ ಸುತ್ತಲ ಹಳ್ಳಿಗಳಿಗೆ ಕೊಡುವ ಯೋಜನೆ ಅದು. ರಾಯರು ಆಗ ಸಂಸ್ಥೆಯನ್ನು ಮಗಳ ಕೈಗೆ ಕೊಟ್ಟು ವಿಶ್ರಾಂತಿಯಲ್ಲಿದ್ದರು, ಹೊರಗಿನ ಕೆಲಸಗಳ ಜವಾಬ್ದಾರಿ ನನ್ನದು. ಪಂಪ್‌ಹೌಸಿನ ಮೀಟರುಗಳು ಹೇಳುವುದನ್ನು ಸಾಗರದ ನೀರು ಸರಬರಾಜು ಕಚೇರಿಯಲ್ಲಿ ಕೂತು ನೋಡುವ ಹಾಗೆ ಮಾಡಬೇಕಿತ್ತು. ಪೆಟ್ಟಿಗೆ ಕೂರಿಸಿದೆ, ಬ್ರಾಡ್‌ಬ್ಯಾಂಡ್ ತಂತಿ ಅದಕ್ಕೆ ಸೇರಿಸಿದೆ, ಕಚೇರಿಯ ಪರದೆಯನ್ನು ಬೆಂಗಳೂರಿನ ಒಂದು ಕಂಪನಿ ಮಾಡಿಕೊಟ್ಟಿತು. ಎಷ್ಟು ನೀರು ಹೋಗುತ್ತಿದೆ ಎಂಬ ಗೆರೆ ಸಾಗರದಲ್ಲಿ ಮೇಲೆ ಕೆಳಗೆ ಆಡುವುದನ್ನು ನೋಡಿ ಎಲ್ಲರಿಗೂ ಖುಷಿಯಾಯಿತು. ಆ ಮಳೆಗಾಲ ಚಳಿಗಾಲ ಏನೂ ತಕರಾರಿಲ್ಲದೆ ಕಳೆಯಿತು. ಮಳೆಗಾಲದಲ್ಲಿ ಅಲ್ಲಿ ಸುರಿಯುತ್ತದೆಯೇ ಹೊರತು ಗುಡುಗುವುದು ಕಡಿಮೆ.

ಪಂಪ್‌ಹೌಸಿನ ಆಪರೇಟರು ಚೌಡಪ್ಪ, ನನಗಿಂತ ನಾಲ್ಕಾರು ವರ್ಷ ಚಿಕ್ಕವರು. ಗುತ್ತಿಗೆಯ ಮೇಲಿನ ಕೆಲಸ. ಪಂಪ್‌ಹೌಸಿನ ಪಕ್ಕದಲ್ಲೇ ಎರಡು ಕೋಣೆಯ ಮನೆ ಕೊಟ್ಟಿದ್ದರು, ಹೆಂಡತಿ ಗೌರಮ್ಮ ಮತ್ತು ಅವರು ಅಲ್ಲಿದ್ದರು. ರಾಯರ ಪದ್ಧತಿಯಂತೆ ನಾನು ಮೊದಲ ದಿನವೇ ಅವರನ್ನು ಕೂರಿಸಿ ದಿನಚರಿ ಕೇಳಿದ್ದೆ. ಪಂಪು ಶುರುಮಾಡುವುದು, ಪಂಪಿನ ದಂಡ ಹೊರಬರುವ ಗ್ಲ್ಯಾಂಡಿನಲ್ಲಿ ನೀರು ಸೋರುತ್ತದಾ ನೋಡುವುದು, ಹೊಳೆಯಿಂದ ಬಂದ ಎಲೆ ಕಡ್ಡಿ ತೆಗೆಯುವುದು ಎಲ್ಲ ಹೇಳಿದ್ದರು. ಪೆಟ್ಟಿಗೆ ಬಂದ ಮೇಲೆ ಅದನ್ನು ದಿನಾ ಒಣ ಬಟ್ಟೆಯಿಂದ ಒರೆಸುವುದೂ ಸೇರಿಕೊಂಡಿತು. ಅದರ ಮೇಲೆ ಒಂದು ಹಲ್ಲಿ ಕೂರಲಿಕ್ಕೂ ಬಿಡುತ್ತಿರಲಿಲ್ಲ.

ಯುಗಾದಿ ಕಳೆದು ಸೆಕೆ ಏರಿದ ಮೇಲೆ ತಾಪತ್ರಯ ಶುರುವಾಯಿತು. ಕೆಲವು ದಿನ ಮಧ್ಯಾಹ್ನದ ಮೇಲೆ ಸಾಗರದ ಪರದೆಯಲ್ಲಿ ಗೆರೆ ಇದ್ದಕ್ಕಿದ್ದಂತೆ ಕೆಳಗೆ ಬಿದ್ದು ಸೊನ್ನೆಗೆ ಮಲಗುತ್ತಿತ್ತು. ಸಂಜೆಯ ಹೊತ್ತಿಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ನಾನು ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಎಲ್ಲ ಸರಿ ಇರುತ್ತಿತ್ತು, ಪೆಟ್ಟಿಗೆಯ ಹಸಿರು ದೀಪ ಮಿಣಿಮಿಣಿ ಎನ್ನುತ್ತಿತ್ತು. ಅಲ್ಲಿಂದ ಹೊರಡುವ ಬಸ್ಸು ಮಧ್ಯಾಹ್ನವೇ. ಅದು ತಪ್ಪಿದರೆ ಆ ದಿನ ಮನೆ ಸೇರುವುದು ಕಷ್ಟ, ಹಾಗಾಗಿ ಊಟದ ಹೊತ್ತಿಗೆ ಹೊರಟುಬಿಡುತ್ತಿದ್ದೆ. ತಂತಿಯ ತುದಿಗಳನ್ನು ಬಿಗಿ ಮಾಡಿದೆ, ಪೆಟ್ಟಿಗೆಯನ್ನೇ ಬದಲಾಯಿಸಿದೆ. ಬೆಂಗಳೂರಿನ ಕಂಪನಿಯ ಹುಡುಗ ಫೋನಿನಲ್ಲಿ, ಮೇಡಂ, ಪೆಟ್ಟಿಗೆ ಆಫ್ ಆಗಿ ಆನ್ ಆಗ್ತಿದೆ, ಅಲ್ಲಿ ಯಾರಾದರೂ ಪವರ್ ತೆಗೀತಾರಾ ಕೇಳಿ ಎಂದ. ಚೌಡಪ್ಪನನ್ನು ಕೇಳಿದೆ. ಅಯ್ಯೋ ನಾ ಎಂತೂ ಮುಟ್ಟಲ್ಲ ಅಕ್ಕ, ಧೂಳು ಒರೆಸ್ತೀನಿ ಅಷ್ಟೇ ಎಂದರು. ಅದು ಸುಳ್ಳಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಹಾಗಾದರೆ ಕರೆಂಟಿನ ತೊಂದರೆ ಎಂದು ಯುಪಿಎಸ್ ಇಡಿಸಿದೆ. ಆಮೇಲೂ ಸೊನ್ನೆ ತಪ್ಪಲಿಲ್ಲ.

ಯಂತ್ರದ ತಾಪತ್ರಯ ಯಂತ್ರಕ್ಕೇ ಇದ್ದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸಾಗರದ ಕಚೇರಿಯಲ್ಲಿ ಆ ಸೊನ್ನೆಯನ್ನು ಬೇರೆ ರೀತಿ ಓದಿದರು. ಮಧ್ಯಾಹ್ನದ ಮೇಲೆ ಆಪರೇಟರು ಪಂಪ್ ನಿಲ್ಲಿಸಿ ಎಲ್ಲಿಗೋ ಹೋಗುತ್ತಾನೆ, ಸಂಜೆ ಬಂದು ಮತ್ತೆ ಶುರುಮಾಡುತ್ತಾನೆ ಎಂದು ಲೆಕ್ಕ ಹಾಕಿದರು. ಗುತ್ತಿಗೆದಾರರ ಸೂಪರ್‌ವೈಸರ್ ಒಬ್ಬನಿದ್ದ, ಅವನಿಗೆ ತನ್ನ ಕಡೆಯ ಒಬ್ಬರನ್ನು ಆ ಜಾಗಕ್ಕೆ ಹಾಕುವ ಆಸೆ. ಅವನು ಪರದೆಯ ಚಿತ್ರಗಳನ್ನು ತೆಗೆದು ಆ ಕಚೇರಿ ನೋಡಿಕೊಳ್ಳುವ ಎಂಜಿನಿಯರು, ಎಇಇ ಸಾಹೇಬರ ಮೇಜಿನ ಮೇಲೆ ಇಟ್ಟ. ಸಾಹೇಬರು ತೀರ್ಥಹಳ್ಳಿ ಕಡೆಯವರು, ಕೆಲಸದಲ್ಲಿ ಖಡಕ್, ಆದರೆ ಅನ್ಯಾಯದವರಲ್ಲ. ಚೌಡಪ್ಪನನ್ನು ಕರೆಸಿ ಕೇಳಿದರು. ನಾ ಎಲ್ಲೂ ಹೋಗಿಲ್ಲ ಸಾರ್ ಎಂದರು ಚೌಡಪ್ಪ. ಯಂತ್ರ ಸುಳ್ಳು ಹೇಳುತ್ತದಾ ಎಂದು ಸೂಪರ್‌ವೈಸರ್ ಕೇಳಿದನಂತೆ. ಸೋಮವಾರ ಮತ್ತೆ ಬಾ, ಅಷ್ಟರಲ್ಲಿ ತೀರ್ಮಾನ ಮಾಡುತ್ತೇನೆ ಎಂದು ಸಾಹೇಬರು ಕಳಿಸಿದರು. ಕೆಲಸ ಹೋದರೆ ಆ ಎರಡು ಕೋಣೆಯ ಮನೆಯೂ ಹೋದ ಹಾಗೆ.

ಇದು ನನಗೆ ತಿಳಿದದ್ದು ಚೌಡಪ್ಪ ಫೋನ್ ಮಾಡಿದಾಗ. ಅವರು ಅಳಲಿಲ್ಲ, ನನ್ನನ್ನು ದೂರಲೂ ಇಲ್ಲ. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕೆಲ್ಸ ಹೋದ್ರೆ ಹೋಗ್ಲಿ ಅನ್ನೋಕಾಗಲ್ಲ ಅಕ್ಕ, ಹೊಟ್ಟೆ ಇದೆ. ಆದ್ರೆ ನಾ ಇರ್ಲಿಲ್ಲ ಅಂತಾರಲ್ಲ. ಮಗಳ ನಿಶ್ಚಯಕ್ಕೂ ಊಟ ಮುಗ್ಸಿ ಓಡಿ ಬಂದವ್ನು ನಾನು. ಅದೊಂದು ಮಾತು ತಡಿಯೋಕಾಗ್ತಿಲ್ಲ."

ನಾನು ಕೂರಿಸಿದ ಪೆಟ್ಟಿಗೆಯೊಂದು ನಿಯತ್ತಿನ ಮನುಷ್ಯನ ಮೇಲೆ ಸಾಕ್ಷಿ ಹೇಳುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಹೊರಡುವಾಗಲೇ ಮನೆಯಲ್ಲಿ, ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುವುದಿಲ್ಲ, ಎಷ್ಟು ಹೊತ್ತಾದರೂ ಅಲ್ಲೇ ಕೂತು ಸೊನ್ನೆಯನ್ನು ಕಣ್ಣಾರೆ ನೋಡುತ್ತೇನೆ ಎಂದು ಹೇಳಿದೆ.

ಗೌರಮ್ಮ ಊಟ ಹಾಕಿದರು. ಅವರ ಮುಖ ಬಾಡಿತ್ತು, ಆದರೂ ಹಲಸಿನ ಹಪ್ಪಳ ಸುಡುವುದನ್ನು ಮರೆಯಲಿಲ್ಲ. ಊಟದ ನಂತರ ನಾನೂ ಚೌಡಪ್ಪನೂ ಪಂಪ್‌ಹೌಸಿನ ಬಾಗಿಲಲ್ಲಿ ಕೂತೆವು. ಒಳಗೆ ಪಂಪು ಗುಂಯ್ಗುಡುತ್ತಿತ್ತು. ಬಸ್ಸು ಹೋದ ಸದ್ದೂ ಕೇಳಿತು. ಚೌಡಪ್ಪ ಮಗಳ ನಿಶ್ಚಯದ ದಿನದ ಕಥೆ ಹೇಳುತ್ತಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ಹುಡುಗಿಯ ಅಪ್ಪ ಎಲ್ಲಿ ಎಂದು ಹುಡುಕುತ್ತಿದ್ದಾಗ ಇವರು ಇಲ್ಲಿ ವಾಲ್ವ್ ತಿರುಗಿಸುತ್ತಿದ್ದರಂತೆ. ಅಷ್ಟರಲ್ಲಿ ಕೊಡಚಾದ್ರಿಯ ದಿಕ್ಕಿನಲ್ಲಿ ಎಲ್ಲೋ ದೂರ ಒಂದು ಗುಡುಗು ಉರುಳಿತು. ಚೌಡಪ್ಪ ಕಥೆ ನಿಲ್ಲಿಸದೆಯೇ ಎದ್ದು ಒಳಗೆ ಹೋದರು. ನಾನು ಕೂತಲ್ಲಿಂದಲೇ, ಅಲ್ಲೇ ಚಾರ್ಜಿಗೆ ಹಾಕಿದ್ದ ನನ್ನ ಫೋನಿನ ಪಿನ್ನನ್ನೂ ಕಿತ್ತು ತನ್ನಿ ಎಂದು ಕೂಗಿ ಹೇಳಿದೆ. ಅವರು ಬಂದು ಫೋನನ್ನು ನನ್ನ ಕೈಗೆ ಕೊಟ್ಟು, ಕೂತು, ಆಮೇಲೆ ಆ ಹಿರಿಯರು ಎಂತ ಹೇಳಿದರು ಗೊತ್ತಾ ಎಂದು ಮುಂದುವರಿಸಿದರು.

ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಸಾಗರದ ಕಚೇರಿಯಿಂದ. ಮೇಡಂ, ಈಗಷ್ಟೇ ಸೊನ್ನೆ ಬಂತು, ನೀವು ಅಲ್ಲೇ ಇದೀರಲ್ಲ ನೋಡಿ ಎಂದರು. ನಾನು ದಡಬಡಿಸಿ ಒಳಗೆ ಹೋದೆ. ಪಂಪು ಓಡುತ್ತಿತ್ತು. ಮೀಟರಿನಲ್ಲಿ ನೀರಿನ ಲೆಕ್ಕ ಏರುತ್ತಿತ್ತು. ಪೆಟ್ಟಿಗೆಯ ದೀಪ ಮಾತ್ರ ಆರಿತ್ತು. ಅದರ ಪ್ಲಗ್ಗು, ಬ್ರಾಡ್‌ಬ್ಯಾಂಡಿನ ತಂತಿ ಎರಡನ್ನೂ ಒಪ್ಪವಾಗಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿತ್ತು. ನಿಮಗೆ ನಗು ಬರಬಹುದು, ಅದನ್ನು ನೋಡಿಯೂ ಒಂದು ಕ್ಷಣ ನಾನು ಮೀಟರು ಹಿಡಿದು ಕರೆಂಟು ಬರುತ್ತಿದೆಯಾ ಎಂದು ನೋಡಲು ಹೊರಟಿದ್ದೆ. ಆಮೇಲೆ ತಲೆಗೆ ಹೋಯಿತು.

ನಮ್ಮ ಕಡೆ ಗುಡುಗು ಕೇಳಿದರೆ ಯಾರೂ ಯೋಚನೆ ಮಾಡುವುದಿಲ್ಲ. ಟಿವಿ, ಫ್ರಿಜ್ಜು, ಮೋಡೆಮ್ಮು, ಎಲ್ಲದರ ಪಿನ್ನೂ ಗೋಡೆಯಿಂದ ಹೊರಗೆ ಬರುತ್ತದೆ. ಕೈ ಅನ್ನದ ಮೇಲಿದ್ದರೂ ಎಡಗೈಯಿಂದಾದರೂ ಕೀಳುತ್ತೇವೆ. ಸಿಡಿಲಿಗೆ ಒಮ್ಮೆಯೂ ಏನೂ ಸುಟ್ಟುಹೋಗದ ಮನೆ ಇಲ್ಲ. ಚೌಡಪ್ಪನಿಗೆ ಅದು ಪೆಟ್ಟಿಗೆಯನ್ನು ಮುಟ್ಟಿದ ಹಾಗೆ ಅಲ್ಲ, ಮಳೆ ಬಂದರೆ ಒಣಗಿದ ಬಟ್ಟೆ ಒಳಗೆ ತಂದ ಹಾಗೆ. ದಿನಚರಿ ಕೇಳಿದಾಗ ಅವರು ಹೇಳಲಿಲ್ಲ, ಏಕೆಂದರೆ ಉಸಿರಾಡುತ್ತೇನೆ ಎಂದು ಯಾರೂ ದಿನಚರಿಯಲ್ಲಿ ಹೇಳುವುದಿಲ್ಲ. ನಾನು ಕೇಳಲಿಲ್ಲ, ಏಕೆಂದರೆ ನಾನೂ ಇಲ್ಲಿಯವಳೇ. ಬೇರೆ ಊರಿನ ತಂತ್ರಜ್ಞನಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದ. ಮಳೆಗಾಲ ಪೂರ್ತಿ ಸುಮ್ಮನಿದ್ದ ಪೆಟ್ಟಿಗೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಾತ್ರ ಏಕೆ ಸಾಯುತ್ತದೆ ಎಂಬುದಕ್ಕೂ ಉತ್ತರ ಸಿಕ್ಕಿತು, ಇಲ್ಲಿ ಹೆಚ್ಚಾಗಿ ಗುಡುಗುವುದೇ ಆಗ. ಮಳೆ ನಿಂತು ಆಕಾಶ ತಿಳಿಯಾದ ಮೇಲೆ, ಅಂದರೆ ಸಂಜೆಗೆ, ಚೌಡಪ್ಪ ಎಲ್ಲವನ್ನೂ ಮತ್ತೆ ಸಿಕ್ಕಿಸುತ್ತಿದ್ದರು. ಪಂಪನ್ನು ಮಾತ್ರ ಯಾವ ಗುಡುಗಿಗೂ ನಿಲ್ಲಿಸುತ್ತಿರಲಿಲ್ಲ, ಜನರಿಗೆ ನೀರು ಹೋಗಬೇಕಲ್ಲ.

ಇನ್ನೊಂದು ಸಂಗತಿ ಹೊಸಬರು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕಾದದ್ದು. ಪೆಟ್ಟಿಗೆಯಿಂದ ಸುದ್ದಿ ನಿಂತಾಗ ಪರದೆ ಏನು ತೋರಿಸಬೇಕು ಎಂದು ಒಂದು ಸೆಟಿಂಗ್ ಇರುತ್ತದೆ. ಕಂಪನಿಯಿಂದ ಬಂದಾಗ ಅದು ಸೊನ್ನೆ ಎಂದಿತ್ತು, ಬೆಂಗಳೂರಿನವರು ಹಾಗೇ ಬಿಟ್ಟಿದ್ದರು. ನೀರು ಹೋಗುತ್ತಿಲ್ಲ ಎಂಬುದಕ್ಕೂ ಸೊನ್ನೆ, ನೀರು ಹೋಗುತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಎಂಬುದಕ್ಕೂ ಸೊನ್ನೆ. ಗೊತ್ತಿಲ್ಲ ಎನ್ನಬೇಕಾದ ಕಡೆ ಇಲ್ಲ ಎಂದು ಹೇಳಿದರೆ ಯಾರದೋ ಅನ್ನ ಹೋಗುತ್ತದೆ. ಈ ಸೆಟಿಂಗನ್ನು ನೋಡದೆ ಯಾವ ಜಾಗದಿಂದಲೂ ಎದ್ದು ಬರಬೇಡಿ.

ಚೌಡಪ್ಪನಿಗೆ ಹೇಳಿದಾಗ ಅವರ ಮುಖ ಬಿಳಿಚಿತು. ಹಂಗಾರೆ ತಪ್ಪು ನಂದೇ ಅಲ್ದಾ ಅಕ್ಕ ಎಂದರು. ಅಲ್ಲ ಎಂದೆ. ಬೇಕಾದರೆ ಸೋಮವಾರ ಅದನ್ನು ಮುಚ್ಚಿ, ಪೆಟ್ಟಿಗೆ ಕೆಟ್ಟಿತ್ತು ಎಂದು ಹೇಳಿ ಪಾರಾಗಬಹುದಿತ್ತು. ಚೌಡಪ್ಪ ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ ಎಂದರು.

ಸೋಮವಾರ ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ನಾನು, ಚೌಡಪ್ಪ, ಸೂಪರ್‌ವೈಸರ್. ಚೌಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು, ಕೂರಿ ಎಂದು ಯಾರೂ ಹೇಳಿರಲಿಲ್ಲ. ನಾನು ಇದ್ದದ್ದನ್ನೆಲ್ಲ ಹೇಳಿದೆ. ಪಂಪು ಓಡುತ್ತಿತ್ತು, ಚೌಡಪ್ಪ ಅಲ್ಲೇ ಇದ್ದರು, ಗುಡುಗಿಗೆ ಪೆಟ್ಟಿಗೆಯ ಪಿನ್ ತೆಗೆದಿದ್ದರು ಎಂದೆ. ಸೂಪರ್‌ವೈಸರ್ ಅದನ್ನೇ ಹಿಡಿದುಕೊಂಡ. ನೋಡಿ ಸಾರ್, ಒಪ್ಪಿಕೊಂಡರು, ಬೇಕೆಂದೇ ಕಿತ್ತಿದ್ದಾನೆ ಎಂದ. ಸಾಹೇಬರ ಹುಬ್ಬು ಗಂಟಿಕ್ಕಿತು. ಆ ಯಂತ್ರ ಯಾವಾಗಲೂ ಚಾಲೂ ಇರಬೇಕು ಎಂದೇ ಅಲ್ಲವೇ ಹಾಕಿಸಿದ್ದು, ಯಾವ ಕಾರಣಕ್ಕೇ ಆಗಲಿ ಅದನ್ನು ಕಿತ್ತವರನ್ನು ಇಟ್ಟುಕೊಂಡರೆ ನಾಳೆ ನಾನು ಮೇಲಿನವರಿಗೆ ಏನು ಹೇಳಲಿ ಎಂದು ಶುರುಮಾಡಿದರು. ಅವರು ಹೇಳುವುದರಲ್ಲೂ ನ್ಯಾಯ ಇತ್ತು. ಚೌಡಪ್ಪ ತಲೆ ತಗ್ಗಿಸಿದರು.

ಆಗ ಇಕ್ಕೇರಿ ಕಡೆಯಿಂದ ಗುಡುಗು ಬಂತು. ಕಿಟಕಿಯ ಗಾಜು ಸಣ್ಣಗೆ ನಡುಗುವಷ್ಟು. ಸಾಹೇಬರು ಮೇಲಿನವರಿಗೆ ಹೇಳಬೇಕಾದದ್ದನ್ನು ನಮಗೆ ಹೇಳುತ್ತಲೇ ಎದ್ದರು, ಮೇಜಿನ ಹಿಂದೆ ಬಗ್ಗಿದರು, ಕಂಪ್ಯೂಟರಿನ ಪಿನ್ ಕಿತ್ತರು. ಕಿತ್ತ ಕೈಯಿಂದಲೇ ಪಕ್ಕದ ಕೋಣೆಗೆ ಸನ್ನೆ ಮಾಡಿ ಮೋಡೆಮ್ ತೆಗೀರಿ ಎಂದರು. ಪಕ್ಕದ ಕೋಣೆಯವರು ಆಗಲೇ ತೆಗೆದಿದ್ದರು. ಕಚೇರಿ ತುಂಬ ಕುರ್ಚಿ ಸರಿಯುವ ಸದ್ದು, ಪಿನ್ ಕೀಳುವ ಸದ್ದು. ಸೂಪರ್‌ವೈಸರ್ ಕೂಡ ಬಗ್ಗಿ ತನ್ನ ಮೊಬೈಲಿನ ಚಾರ್ಜರ್ ಕಿತ್ತುಕೊಳ್ಳುತ್ತಿದ್ದ.

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು.

"ಸಾರ್, ಈಗ ಹೊಳೆ ದಂಡೇಲಿ ಕೂತು ಪರದೆ ನೋಡೋರಿಗೆ ನೀವೂ ಆಫೀಸಲ್ಲಿ ಇಲ್ಲ" ಎಂದೆ.

ಸಾಹೇಬರು ಕೈಯಲ್ಲಿದ್ದ ಪಿನ್ ನೋಡಿದರು. ಅದನ್ನು ಮೇಜಿನ ಮೇಲೆ ಇಟ್ಟು, ತಮ್ಮ ಎದುರಿನ ಕುರ್ಚಿಯನ್ನು ತಾವೇ ಎಳೆದು, ಕೂತ್ಕೋ ಚೌಡಪ್ಪ ಎಂದರು. ಚೌಡಪ್ಪ ಕೂರಲಿಲ್ಲ, ನಾನೇ ತೋಳು ಹಿಡಿದು ಕೂರಿಸಿದೆ. ಸಾಹೇಬರು ಆ ಪರದೆಯ ಚಿತ್ರಗಳನ್ನು ಸೂಪರ್‌ವೈಸರನ ಕೈಗೆ ವಾಪಸು ಕೊಟ್ಟರು. ಅಧಿಕಾರದಲ್ಲಿ ಇರುವವರು ಅರ್ಧ ಹೇಳಿದ ಮಾತನ್ನು ನುಂಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅವರು ನುಂಗಿದರು. ಇವತ್ತಿಗೂ ಅವರ ಮೇಲೆ ನನಗೆ ಗೌರವ.

ಪಿನ್ ಕೀಳಬಾರದು ಎಂದು ಬರೆದು ಅಂಟಿಸಿದರೆ ಆಗುತ್ತದಾ ಎಂದು ಅವರು ಕೇಳಿದರು. ನಿಮ್ಮ ಮನೆಯಲ್ಲಿ ಆಗುತ್ತದಾ ಸಾರ್ ಎಂದೆ. ಆಗಲ್ಲ ಎಂದು ನಕ್ಕರು. ನಾನು ಚೌಡಪ್ಪ ಮಾಡುತ್ತಿದ್ದದ್ದು ಪೆಟ್ಟಿಗೆಗೆ ಒಳ್ಳೆಯದೇ ಎಂದೂ ಹೇಳಿದೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅರ್ತಿಂಗ್ ಸರಿಯಾಗಿ ಸಿಗುವುದಿಲ್ಲ. ಸಿಡಿಲು ತಡೆಯುವ ಸಾಮಾನು ಹಾಕಿದ್ದ ಬೇರೆ ಕಡೆಯ ಪೆಟ್ಟಿಗೆಗಳು ಸಾಮಾನಿನ ಸಮೇತ ಕರಕಲಾಗಿದ್ದನ್ನು ನಾನು ಕಂಡಿದ್ದೆ. ಚೌಡಪ್ಪನ ಪೆಟ್ಟಿಗೆ ಮಾತ್ರ ಹೊಸದರ ಹಾಗೇ ಇತ್ತು.

ಆದ್ದರಿಂದ ನಾವು ಪಿನ್ ಕೀಳುವುದನ್ನೇ ಯಂತ್ರಕ್ಕೆ ಹೇಳಿಕೊಟ್ಟೆವು. ಪೆಟ್ಟಿಗೆಯ ಪಕ್ಕ ದೊಡ್ಡದೊಂದು ತಿರುಗುವ ಸ್ವಿಚ್ಚು ಇಟ್ಟು ಗುಡುಗು ಎಂದು ಬರೆಸಿದೆ. ಅದನ್ನು ತಿರುಗಿಸಿದರೆ ಪೆಟ್ಟಿಗೆ ಮೊದಲು ಸಾಗರಕ್ಕೆ ಒಂದು ಸುದ್ದಿ ಕಳಿಸುತ್ತದೆ. ಸುದ್ದಿ ಮುಟ್ಟಿದ ಮೇಲೆ ಕರೆಂಟಿನಿಂದಲೂ ತಂತಿಯಿಂದಲೂ ತಾನೇ ಬೇರೆಯಾಗುತ್ತದೆ. ಸಾಗರದ ಪರದೆಯಲ್ಲಿ ಸೊನ್ನೆಯ ಬದಲು ಹಳದಿ ಪಟ್ಟಿಯಲ್ಲಿ ಆ ಸುದ್ದಿ ಬರುತ್ತದೆ, ಕೊನೆಯ ಲೆಕ್ಕ ಹಾಗೇ ನಿಲ್ಲುತ್ತದೆ. ಬೆಂಗಳೂರಿನ ಹುಡುಗನಿಗೆ ಇದನ್ನು ವಿವರಿಸಿದಾಗ, ಮೇಡಂ ಇಂಥದ್ದು ಯಾವ ಊರಿನಲ್ಲೂ ಕೇಳಿಲ್ಲ ಎಂದ. ಆದರೂ ಪಾಪ, ಬೇಗ ಮಾಡಿಕೊಟ್ಟ. ಆಮೇಲೆ ತೀರ್ಥಹಳ್ಳಿ ಕಡೆಯ ಪಂಪ್‌ಹೌಸುಗಳಿಂದ ನಮಗೂ ಗುಡುಗಿನ ಸ್ವಿಚ್ಚು ಬೇಕು ಎಂದು ಕೇಳಿಕೊಂಡು ಬಂದರು. ನನ್ನ ಕೊನೆಯ ವರ್ಷಗಳ ಓಡಾಟದಲ್ಲಿ ಬಹುಪಾಲು ಅದನ್ನೇ ಕೂರಿಸಿದ್ದು.

ಈಗ ಪೆಟ್ಟಿಗೆಗೆ ಮಾತು ಕಲಿಸಲು ಬಸ್ಸು ಹತ್ತಬೇಕಾಗಿಲ್ಲ, ಮನೆಯಲ್ಲೇ ಕೂತು ಫೋನಿನಲ್ಲಿ ಮಾಡಬಹುದು. ಒಳ್ಳೆಯದೇ, ನನ್ನ ಬೆನ್ನು ಅದನ್ನು ಮೊದಲೇ ಕೇಳಿಕೊಂಡಿತ್ತು. ಆದರೂ ಹೊಸಬರಿಗೆ ನಾನು ಹೇಳುವುದು, ಒಂದು ಸಲವಾದರೂ ಹೋಗಿ, ಊಟ ಮಾಡಿ, ಹಿಂದಿರುಗುವ ಬಸ್ಸು ತಪ್ಪಿಸಿಕೊಳ್ಳಿ. ನನಗೆ ಈ ಕೆಲಸ ಕೊಟ್ಟದ್ದು ಸಂಬಳಕ್ಕಿಂತ ಹೆಚ್ಚು. ಎಷ್ಟು ಮನೆಗಳ ಉಪ್ಪು ತಿಂದಿದ್ದೇನೆ, ಎಷ್ಟು ಜನ ಕಂಡಕ್ಟರುಗಳು ನಾನು ಓಡಿ ಬರುವುದನ್ನು ಕಂಡು ಬಸ್ಸು ನಿಲ್ಲಿಸಿದ್ದಾರೆ. ನೆನೆದರೆ ಮನಸ್ಸು ತುಂಬುತ್ತದೆ.

ಹಳದಿ ಪಟ್ಟಿಯಲ್ಲಿ ಏನು ಬರೆಯಬೇಕು ಎಂಬುದನ್ನು ಸಾಹೇಬರೇ ಹೇಳಿ ಬರೆಸಿದ್ದರು. ಸ್ವಿಚ್ಚು ಕೂರಿಸಿದ ಮೇಲೆ ಮೊದಲ ಗುಡುಗು ಬಂದ ದಿನ ನಾನು ಸಾಗರದ ಕಚೇರಿಯಲ್ಲೇ ಇದ್ದೆ. ಪಟ್ಟಿ ಬಂತು. ಚೌಡಪ್ಪನಿಗೆ ತಕ್ಷಣ ಹೇಳೋಣವೆಂದು ಫೋನ್ ಮಾಡಿದರೆ ಅವರ ಫೋನು ಸ್ವಿಚ್ ಆಫ್. ಗುಡುಗಿನಲ್ಲಿ ಫೋನ್ ಇಟ್ಟುಕೊಳ್ಳುತ್ತಾರೆಯೇ! ಮಳೆ ಬಿಟ್ಟ ಮೇಲೆ ಅವರೇ ಮಾಡಿದರು.

"ಅಕ್ಕ, ಅಲ್ಲಿ ಬಂತಾ?"

ಬಂತು ಎಂದೆ. ಎಂತ ಅಂತ ಬಂತು ಎಂದು ಕೇಳಿದರು. ನಾನು ಬರೆದುಕೊಂಡದ್ದನ್ನು ಓದಿದೆ. ಗುಡುಗಿಗೆ ಲೈನ್ ತೆಗೆದಿದೆ. ಪಂಪ್ ಓಡುತ್ತಿತ್ತು. ಆಪರೇಟರ್ ಚೌಡಪ್ಪ ಸ್ಥಳದಲ್ಲಿದ್ದಾರೆ.

ಕೊನೇದು ಇನ್ನೊಂದ್ ಸಲ ಓದಿ ಎಂದರು. ಓದಿದೆ. ಒಂದ್ ನಿಮಿಷ ಇರಿ ಅಕ್ಕ ಎಂದು ಫೋನು ಹಿಡಿದುಕೊಂಡೇ ಎಲ್ಲಿಗೋ ನಡೆದರು. ಒದ್ದೆ ನೆಲದ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿತು, ಬಾಗಿಲು ಸರಿದದ್ದು ಕೇಳಿತು, ಒಲೆಯ ಹತ್ತಿರ ಪಾತ್ರೆಯ ಸದ್ದು ನಿಂತದ್ದು ಕೇಳಿತು.

"ಗೌರಿ, ಇಲ್ಲಿ ಬಾ, ಕೇಳು" ಎಂದರು. ಆಮೇಲೆ ನನಗೆ, "ಈಗ ಓದಿ ಅಕ್ಕ."

ನಾನು ಮತ್ತೆ ಓದಿದೆ.